ಹಳದಿ ಮರಳಿದ ಕಾಗದ

ಹಿತ್ತಾಳೆ ತಟ್ಟೆಯ ಅರಿಶಿನ ನೀರಿಗೆ ಅಜ್ಜಿ ಚಿಟಿಕೆ ಸುಣ್ಣ ಕದಡಿದಳೆಂದರೆ ಅದು ಕೆಂಪು ಓಕುಳಿಯಾಗಿಬಿಡುತ್ತಿತ್ತು. ಮದುಮಕ್ಕಳಿಗೆ ಅದರದೇ ಆರತಿ.

"ಅರಿಶಿನದ ಹುಡುಗಿ ಸುಣ್ಣದ ಗಂಡನ್ನ ನೋಡಿ ನಾಚ್ಕೊಂಡ್ಳು ಕಣೇ. ಹುಳಿಮೋರೆ ಅತ್ತೆ ಬಂದ್ರೆ ನಾಚಿಕೆಯೆಲ್ಲ ಇಳಿದುಹೋಗುತ್ತೆ," ಎಂದು ಉಳಿದ ಓಕುಳಿಗೆ ನಿಂಬೆ ಹಿಂಡಿ ತೋರಿಸುತ್ತಿದ್ದಳು. ನೀರು ಮತ್ತೆ ಹಳದಿ.

ಮುಂದೊಂದು ದಿನ ನಮ್ಮ ತರಗತಿಯ ಹನ್ನೊಂದು ಹುಡುಗಿಯರಿಗೆ ರಸಾಯನಶಾಸ್ತ್ರದ ಪ್ರಯೋಗ ಪರೀಕ್ಷೆ. ಹೆಸರಿಲ್ಲದ ಮೂರು ನಳಿಕೆಗಳಲ್ಲಿ ಆಮ್ಲ ಯಾವುದು, ಕ್ಷಾರ ಯಾವುದು, ಬರಿ ನೀರು ಯಾವುದು ಎಂದು ಹೇಳಬೇಕು. ಇಲ್ಲದಿದ್ದರೆ ಮುಂದಿನ ತರಗತಿಯಿಲ್ಲ. ಲಿಟ್ಮಸ್ ಡಬ್ಬಿ ತೆರೆದರೆ ನೀಲಿ ಕಾಗದಗಳೂ ಕೆಂಪಾಗಿದ್ದವು.

"ಆಸಿಡ್ ಬಾಟ್ಲಿ ಪಕ್ಕದಲ್ಲೇ ಇಟ್ಟಿದ್ದೆ ಸ್ವಾಮಿ, ಬಿರಡೆ ಸಡ್ಲ ಇತ್ತೇನೋ," ಎಂದು ಆಯಾ ದೇವೀರಮ್ಮ ಕಣ್ಣೊರೆಸಿಕೊಂಡಳು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ವಾಮನಮೂರ್ತಿಗಳು. "ಹೊಗೆ ಕುಡಿದ ಕಾಗದ ನಂಬೋ ಹಾಗಿಲ್ಲ. ಪರೀಕ್ಷೆ ರದ್ದು ಅಂತ ಬರೀತೀನಿ," ಎಂದರು.

"ಅರಿಶಿನದಲ್ಲಿ ಮಾಡ್ಲಾ ಸಾರ್?" ನನ್ನ ಬಾಯಿಂದ ಬಂದುಬಿಟ್ಟಿತ್ತು.

"ಪರೀಕ್ಷೆನೋ, ಹುಳಿ ಸಾರೋ?"

ಗೆಳತಿಯರು ಕಿಸಕ್ಕೆಂದರು. ದೇವೀರಮ್ಮ ಆಗಲೇ ಹಾಸ್ಟೆಲ್ ಅಡುಗೆಮನೆಗೆ ಓಡಿದ್ದಳು.

ಸೋಸುಕಾಗದಕ್ಕೆ ಅರಿಶಿನ ಬಳಿದು ಮೂರು ನಳಿಕೆಗಳಲ್ಲೂ ಒಂದೊಂದು ಚೂರು ಅದ್ದಿದೆ. ಒಂದು ಕೆಂಪಾಯಿತು, ಅದು ಕ್ಷಾರ. ಉಳಿದೆರಡು ಹಳದಿಯಾಗಿಯೇ ನಿಂತವು.

"ಅರ್ಧ ಉತ್ತರ. ಇನ್ನರ್ಧ ಯಾರನ್ನ ಕೇಳ್ತೀಯಮ್ಮ?"

ಕಣ್ಮುಂದೆ ಓಕುಳಿಯ ತಟ್ಟೆ ತೇಲಿತು, ಅದರೊಳಗೆ ಹುಳಿಮೋರೆ ಅತ್ತೆ. ಕೆಂಪಾಗಿದ್ದ ಆ ಚೂರನ್ನೇ ಎತ್ತಿಕೊಂಡೆ. ಎರಡನೆಯ ನಳಿಕೆಯ ಹನಿ ಬಿಟ್ಟೆ, ಕೆಂಪು ಕದಲಲಿಲ್ಲ. ಮೂರನೆಯದರ ಹನಿ ಬಿದ್ದಲ್ಲಿ ದುಂಡಗೆ ಹಳದಿ ಅರಳಿತು.

"ಇದು ಆಮ್ಲ ಸಾರ್. ಅದು ಬರಿ ನೀರು."

"ಯಾಕೆ?"

"ಕ್ಷಾರ ಅರಿಶಿನದ ಬಣ್ಣದ ಕಣದಿಂದ ಹೈಡ್ರೋಜನ್ ಕಿತ್ಕೊಳ್ಳುತ್ತೆ, ಅದಕ್ಕೇ ಕೆಂಪು. ಆಮ್ಲ ಅದನ್ನ ವಾಪಸ್ ಕೊಡುತ್ತೆ. ನೀರಿನ ಹತ್ರ ಕೊಡೋವಷ್ಟು ಇರಲ್ಲ."

"ಇದನ್ನ ಯಾರಮ್ಮ ಹೇಳಿಕೊಟ್ಟಿದ್ದು?"

"ಹೈಡ್ರೋಜನ್ ಪುಸ್ತಕದ್ದು ಸಾರ್. ಉಳಿದದ್ದು ನಮ್ಮಜ್ಜೀದು."

ಹಾಗೆನ್ನುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಅವರು ಪೆನ್ನಿನ ಮುಚ್ಚಳ ತೆಗೆದು, "ಎಲ್ಲರಿಗೂ ಒಂದೊಂದು ಚೂರು ಮಾಡಿಕೊಡು. ನಳಿಕೆ ನಾನು ಅದಲುಬದಲು ಮಾಡ್ತೀನಿ," ಎಂದರು.

ಸಂಜೆ ಬಾಗಿಲು ಹಾಕುವ ಮುನ್ನ ತಿರುಗಿ ನೋಡಿದೆ. ಕಿಟಕಿಯ ಕಟ್ಟೆಯ ಮೇಲೆ ಹನ್ನೊಂದು ಕೆಂಪು ಚೂರುಗಳು ಸಾಲಾಗಿ ಒಣಗುತ್ತಿದ್ದವು, ಒಂದೊಂದರ ನಡುವೆಯೂ ಒಂದು ಹಳದಿ ಚಂದ್ರ.