ಗುರುವಾರದ ಗ್ರಾಮಸಭೆ

ಬಿಳೇಮಟ್ಟಿಯ ಗ್ರಾಮಸಭೆ ಯಾವಾಗಲೂ ಗುರುವಾರವೇ ಯಾಕೆ ಬರುತ್ತದೆ ಎಂಬುದು ಸುರೇಖಾಳಿಗೆ ಹೊಳೆಯುವ ಹೊತ್ತಿಗೆ ಅವಳು ಪಂಚಾಯ್ತಿ ಮೆಂಬರಾಗಿ ಎರಡು ವರ್ಷ ಕಳೆದಿದ್ದವು. ಹೊಳೆದ ಮೇಲೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಗುರುವಾರ ಬ್ಯಾಡಗಿ ಮಾರ್ಕೆಟ್ಟು! ಗಂಡಸರು ಮೆಣಸಿನಕಾಯಿ ಚೀಲ ಹೇರಿಕೊಂಡು ಟೆಂಡರಿಗೆ ಹೋಗುವ ದಿನ. ಹೆಂಗಸರು ನಸುಕಿನಲ್ಲೇ ಟೆಂಪೋ ಹತ್ತಿ, ಬ್ಯಾಡಗಿಯ ಗೋದಾಮುಗಳಿಗೆ ತುಂಬು ಬಿಡಿಸಲು, ಎಂದರೆ ಕಾಯಿಯ ತೊಟ್ಟು ಮುರಿಯುವ ಕೂಲಿಗೆ ಹೋಗುವ ದಿನ. ಊರಲ್ಲಿ ಉಳಿಯುವವರಾದರೂ ಯಾರು? ಹಾಸಿಗೆ ಹಿಡಿದವರು, ತೊಟ್ಟಿಲಲ್ಲಿ ಇರುವವರು, ಮತ್ತು ಪಂಚಾಯ್ತಿ ಅಧ್ಯಕ್ಷರು. ಒಂದು ಕಪ್ ಚಹಾ ಆರುವುದರೊಳಗೆ ಸಭೆ ಮುಗಿದು ಹೋಗುತ್ತಿತ್ತು. ಸಂಜೆ ಜವಾನ ಮನೆಮನೆಗೆ ಬಂದು ಹಾಜರಿಯ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ದಣಿದು ಬಂದ ಜನ ಯಾತಕ್ಕೆ ಎಂದೂ ಕೇಳದೆ ಹಾಕಿ ಕೊಡುತ್ತಿದ್ದರು.

ಈ ಸಲವೂ ಗುರುವಾರವೇ. ಆದರೆ ಈ ಸಲ ಸಭೆಯ ಮುಂದೆ ಬರಲಿದ್ದ ವಿಷಯ ಸಣ್ಣದಲ್ಲ. ಕೆಳಗಿನ ಓಣಿಗೆ ನೀರಿನ ಹೊಸ ಟಾಕಿ ಕಟ್ಟಿ, ನೀಲಿ ಪೈಪು ಹೂತು, ಪ್ರತಿ ಮನೆಯ ಮುಂದೆ ನಳ ನಿಲ್ಲಿಸಿ ವರ್ಷವಾಗಿತ್ತು. ಹನಿ ನೀರು ಬಂದಿರಲಿಲ್ಲ. ನಳಗಳಿಗೆ ಹುಡುಗರು ಆಡಿನ ಹಗ್ಗ ಕಟ್ಟುತ್ತಿದ್ದರು. ಅಷ್ಟಕ್ಕಾದರೂ ಉಪಯೋಗ ಬಂತಲ್ಲ ಎನ್ನಬೇಕು! 'ಕಾಮಗಾರಿ ಪೂರ್ಣಗೊಂಡಿದೆ, ಇಪ್ಪತ್ನಾಲ್ಕು ತಾಸೂ ನೀರು ಬರುತ್ತಿದೆ' ಎಂದು ಗ್ರಾಮಸಭೆ ಒಪ್ಪಿಬಿಟ್ಟರೆ ಕಂತ್ರಾಟದಾರನ ಕೊನೆಯ ಬಿಲ್ಲು ಪಾಸಾಗುತ್ತದೆ, ಫೈಲು ಮುಚ್ಚುತ್ತದೆ. ಆಮೇಲೆ ಆ ಪೈಪನ್ನು ಯಾವ ಪುಣ್ಯಾತ್ಮನೂ ಬಂದು ಮುಟ್ಟುವುದಿಲ್ಲ. ಕೆಳಗಿನ ಓಣಿಯವರು ಜನ್ಮಪೂರ್ತಿ ಹೊಲದ ಬೋರಿನಿಂದಲೇ ನೀರು ಹೊರಬೇಕು. ಕಳೆದ ಬೇಸಿಗೆಯಲ್ಲಿ ಅಕ್ಬರಬಿ ಎಂಬ ಮುದುಕಿ ಕೊಡದ ಸಮೇತ ಬದುವಿನ ಮೇಲೆ ಬಿದ್ದು ಮುಂಗೈ ಮುರಿದುಕೊಂಡಿದ್ದಳು. "ಮುಂದಿನ ಬ್ಯಾಸಿಗಿಗೆ ನಿನ್ನ ಬಾಗಲಿಗೇ ನೀರು ಬರತೈತಿ ಚಾಚಿ" ಎಂದು ಅವಳಿಗೆ ಮಾತು ಕೊಟ್ಟವಳು ಇದೇ ಸುರೇಖಾ.

ಎದ್ದು ನಿಂತು ಬೇಡ ಎನ್ನುವುದು ಅವಳಿಗೆ ಸುಲಭವಿರಲಿಲ್ಲ. ಅಧ್ಯಕ್ಷ ಪ್ರಭುಲಿಂಗಪ್ಪ ಅವಳಿಗೆ ಸಂಬಂಧದಲ್ಲಿ ಏನೂ ಆಗಬೇಕಿಲ್ಲ, ಆದರೂ ಅವಳು ಕಾಕಾ ಎನ್ನುತ್ತಿದ್ದಳು. ಅವರನ್ನು ಕೆಟ್ಟವರು ಎನ್ನಲು ನಾಲಿಗೆ ಏಳುವುದಿಲ್ಲ. ಅವಳ ಮಗಳಿಗೆ ಡೆಂಗಿ ಜ್ವರ ಬಂದಾಗ ತಮ್ಮ ಜೀಪಿನಲ್ಲಿ ಹಾವೇರಿಗೆ ಒಯ್ದವರು ಅವರು. "ನೀ ನಿಲ್ಲವಾ, ಓದಿದಾಕಿ ಅದೀ" ಎಂದು ಇಲೆಕ್ಷನ್ನಿಗೆ ನಿಲ್ಲಿಸಿದವರೂ ಅವರೇ. ಆದರೆ ಆ ಟಾಕಿ ಕಟ್ಟಿದ ರಾಣೇಬೆನ್ನೂರಿನ ಕಂತ್ರಾಟದಾರ ಅವರ ಷಡ್ಡಕ. ಮನೆಯ ಮುಲಾಜು ಒಮ್ಮೆ ಕೊರಳಿಗೆ ಬಿದ್ದರೆ ಎಂಥ ಗಟ್ಟಿ ಮನುಷ್ಯನೂ ಕಣ್ಣು ಮುಚ್ಚಿಕೊಳ್ಳುತ್ತಾನೆ.

ಬುಧವಾರ ಸಂಜೆ ಸುರೇಖಾ ಓಣಿಯ ಮನೆಮನೆಗೆ ಹೋದಳು. "ನಾಳೆ ಒಂದಿನ ಉಳೀರೆ ಬೇ."

"ಕೂಲಿ ನೀ ಕೊಡ್ತೀಯೇನ?" ಎಂದರು ಹೆಂಗಸರು. ಅದರಲ್ಲಿ ಕುಹಕವಿರಲಿಲ್ಲ. ನೀರು ಬೇಕು, ಆದರೆ ಒಲೆಯೂ ಉರಿಯಬೇಕಲ್ಲ.

ಕಟ್ಟೆಯ ಮೇಲೆ ಕೂತಿದ್ದ ಅಕ್ಬರಬಿ ತನ್ನ ಸೊಟ್ಟ ಮುಂಗೈ ತಿಕ್ಕಿಕೊಳ್ಳುತ್ತ ಅಂದಳು: "ಹೊಳಿಯಾಚಿ ಹಳ್ಯಾಗ ಮನೀಗೇ ಚೀಲ ಇಳಸ್ತಾರ, ತುಂಬು ಬಿಡಿಸಿ ಕೊಡ್ತಾರ. ನಾವs ಯಾಕ ಅಲ್ಲಿಗೆ ಸಾಯಾಕ ಹೋಗಬೇಕು?"

ಸುರೇಖಾ ಅಲ್ಲಿಂದಲೇ ಓಡುತ್ತ ಹೋಗಿ, ಹೆಂಗಸರನ್ನು ಬ್ಯಾಡಗಿಗೆ ಒಯ್ಯುವ ಟೆಂಪೋದ ಸಲಾವುದ್ದೀನನ ಮನೆ ಬಾಗಿಲು ಬಡಿದಳು.

"ಅಣ್ಣಾ, ನಾಳೆ ಮಂದೀನ ಒಯ್ಯಬ್ಯಾಡ. ಚೀಲಾನ ಇಲ್ಲಿಗೆ ತಗೊಂಡ ಬಾ."

"ಎಲ್ಲಿ ಇಳಸ್ಲಿ?"

"ಪಂಚಾಯ್ತಿ ಅಂಗಳದಾಗ."

ಸಲಾವುದ್ದೀನ ಗಲ್ಲ ಕೆರೆದುಕೊಂಡ. ನಕ್ಕ. "ಯವ್ವಾ, ನಿಮ್ಮ ತಲಿ ಭಾಳ ಓಡತೈತಿ ಬಿಡ್ರಿ. ಗೋದಾಮಿನ ಸೇಠ್‌ಗೆ ನಾ ಹೇಳ್ತೇನಿ."

ಮರುದಿನ ಬೆಳಿಗ್ಗೆ ಪಂಚಾಯ್ತಿ ಅಂಗಳದ ಶಾಮಿಯಾನದ ಕೆಳಗೆ, ಖಾಲಿ ಕುರ್ಚಿಗಳ ನಡುವೆ, ಕೆಂಪು ರಾಶಿ ಬಿತ್ತು. ಚೀಲದ ಮೇಲೆ ಚೀಲ ಸುರಿದರು. ಸುತ್ತಲೂ ಕೆಳಗಿನ ಓಣಿಯ ಹೆಂಗಸರು ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು ಕೂತು ಚಟಚಟ ತುಂಬು ಮುರಿಯತೊಡಗಿದರು. ಕೂಲಿಗೆ ಕೂಲಿ, ಸಭೆಗೆ ಸಭೆ! ಪಿಡಿಒ ಚನ್ನೇಶ ಬಾಗಿಲಿಗೆ ಬಂದವನು ಹೌಹಾರಿದ.

"ಮೇಡಂ, ಏನ್ರಿ ಇದು? ಇದು ಗ್ರಾಮಸಭೆ ರೀ, ಗೋದಾಮ ಅಲ್ಲ."

"ಮಂದಿ ಬರಂಗಿಲ್ಲ ಅಂತ ಪ್ರತಿ ಸಲ ಬೇಜಾರ ಮಾಡ್ಕೋತಿದ್ರಲ್ಲರಿ" ಎಂದಳು ಸುರೇಖಾ. "ಬಂದಾರ ನೋಡ್ರಿ."

ಹಾವೇರಿಯಿಂದ ಬಂದ ನೋಡಲ್ ಅಧಿಕಾರಿ ಜೀಪಿನಿಂದ ಇಳಿಯುತ್ತಲೇ ಸೀನಿದರು. ಮೈಸೂರು ಕಡೆಯವರು, ಈ ಜಿಲ್ಲೆಗೆ ಹೊಸಬರು. ಇಷ್ಟು ಜನ ಸೇರಿದ ಗ್ರಾಮಸಭೆಯನ್ನು ಅವರು ನೋಡಿರಲಿಲ್ಲವೆಂದು ಕಾಣುತ್ತದೆ, ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಖುಷಿಪಟ್ಟರು. ಘಾಟಿಗೆ ಎಲ್ಲರೂ ಕೆಮ್ಮುವವರೇ, ಎಲ್ಲರೂ ನೀರು ಕೇಳುವವರೇ. ಆಫೀಸಿನ ಕ್ಯಾನು ಸಭೆ ಶುರುವಾಗುವ ಮೊದಲೇ ತಳ ಕಂಡಿತು.

ಪ್ರಭುಲಿಂಗಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ವಸ್ತ್ರ. ಅಂಗಳ ನೋಡಿ ಅವರ ಹೆಜ್ಜೆ ಒಂದು ಕ್ಷಣ ತಡೆಯಿತು. ಸುರೇಖಾಳ ಕಡೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಚನ್ನೇಶ ಒಂದೊಂದೇ ವಿಷಯ ಓದಿದ. ಬೀದಿ ದೀಪ, ಗಟಾರ, ಅಂಗನವಾಡಿಯ ಗೋಡೆ. ಆಮೇಲೆ ದನಿ ತಗ್ಗಿಸಿ, ಗಡಿಬಿಡಿಯಲ್ಲಿ, ಟಾಕಿಯ ವಿಷಯ ಓದಿದ. ಪ್ರಭುಲಿಂಗಪ್ಪ ಎದ್ದು ನಿಂತರು.

"ಕೆಳಗಿನ ಓಣಿಯ ಎಲ್ಲಾ ಮನಿಗೂ ನಳ ಹಾಕೇವ್ರಿ ಸಾಹೇಬ್ರ. ಹಗಲಿಲ್ಲ ರಾತ್ರಿಯಿಲ್ಲ, ಯಾವಾಗ ತಿರುವಿದ್ರೂ ನೀರು. ಈ ಅಂಗಳದಾಗಿನ ನಳಾನೂ ಅದs ಟಾಕೀದು."

ಅಂಗಳದ ಮೂಲೆಯಲ್ಲಿ ಸಿಮೆಂಟಿನ ಕಂಬಕ್ಕೆ ಹೊಸ ಹಿತ್ತಾಳೆ ನಳ ಹೊಳೆಯುತ್ತಿತ್ತು. ಅಧಿಕಾರಿ ಅತ್ತ ನೋಡಿ ತಲೆಯಾಡಿಸಿದರು. ಹೆಂಗಸರ ಬೆರಳು ನಿಂತವು. ಎಲ್ಲರೂ ಸುರೇಖಾಳನ್ನೇ ನೋಡಿದರು. ರಾತ್ರಿ ಎಲ್ಲಾ ಬಾಯಿಪಾಠ ಮಾಡಿಕೊಂಡಿದ್ದ ಮಾತು ಅವಳ ಬಾಯಿಂದ ಹೊರಬರಲಿಲ್ಲ. ಎದುರಿಗೆ ಇದ್ದುದು ಅಧ್ಯಕ್ಷರಲ್ಲ, ಜ್ವರದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾವೇರಿಯ ತನಕ ಕೂತಿದ್ದ ಕಾಕಾ. ಛೀ, ಇಷ್ಟು ಮಂದಿಯನ್ನು ಕೂಡಿಸಿ ನಾನೇ ಮೂಕಿಯಾದೆನಲ್ಲ ಎಂದು ಅವಳಿಗೆ ಅಳು ಬಂದಂತಾಯಿತು.

ಅಷ್ಟರಲ್ಲಿ ಅಧಿಕಾರಿಗೆ ಮತ್ತೆ ಕೆಮ್ಮು. "ಏನ್ರೀ ಇದು ಘಾಟು! ಬ್ಯಾಡಗಿ ಮೆಣಸಿನಕಾಯಿ ಖಾರ ಇಲ್ಲ ಅಂತಾರಲ್ಲ?"

ಪ್ರಭುಲಿಂಗಪ್ಪನವರ ಮುಖ ಅರಳಿತು. ಇದು ಅವರ ಊರಿನ ಮರ್ಯಾದೆಯ ಪ್ರಶ್ನೆ. "ಖಾರಾ? ನಮ್ಮ ಕಾಯಿ ಬರೇ ಬಣ್ಣ ರೀ ಸಾಹೇಬ್ರ! ನೋಡ್ರಿ ಇಲ್ಲಿ" ಎಂದು ರಾಶಿಗೆ ಬಗ್ಗಿ, ನೆರಿಗೆ ನೆರಿಗೆಯ ಉದ್ದನೆಯ ಕಾಯಿ ಎತ್ತಿಕೊಂಡರು.

ಅದು ಬ್ಯಾಡಗಿ ಕಾಯಿ ಅಲ್ಲ. ಬಳ್ಳಾರಿ ಕಡೆಯಿಂದ ಬಂದ ಹೈಬ್ರೀಡು. ನೆರಿಗೆ, ಬಣ್ಣ ಎಲ್ಲಾ ಬ್ಯಾಡಗಿಯದೇ. ಖಾರ ಮಾತ್ರ ಪ್ರಾಣ ತೆಗೆಯುವಂಥದ್ದು. ಬೆಳಗಿನಿಂದ ಬೆರಳು ಉರಿಸಿಕೊಂಡ ಹೆಂಗಸರಿಗೆಲ್ಲ ಗೊತ್ತಿತ್ತು. ಸುರೇಖಾಳಿಗೂ ಗೊತ್ತಿತ್ತು. 'ಕಾಕಾ, ಬ್ಯಾಡ' ಎನ್ನಲು ಬಾಯಿ ತೆರೆದಳು. ತೆರೆದವಳು ಮುಚ್ಚಿಕೊಂಡಳು.

ಅವರು ಕಾಯಿ ಮುರಿದು, ಬೀಜ ಅಂಗೈಗೆ ಉದುರಿಸಿಕೊಂಡು, ಎರಡೂ ಕೈಯಿಂದ ತಿಕ್ಕಿ ತೋರಿಸಿದರು. "ಮಕ್ಕಳ ಬಾಯಾಗ ಹಾಕಿದ್ರೂ ಅಳಂಗಿಲ್ರಿ!" ಎಂದು ನಕ್ಕರು. ಶಾಮಿಯಾನದ ಕೆಳಗೆ ಸೆಕೆಯೋ ಸೆಕೆ. ಹಣೆಯ ಬೆವರು ಹುಬ್ಬಿನಿಂದ ಇಳಿಯಿತು. ಅಭ್ಯಾಸದಂತೆ ಕೈಯಿಂದ ಒರೆಸಿಕೊಂಡರು, ಎರಡೂ ಕಣ್ಣು.

"ಅಯ್ಯಯ್ಯಪ್ಪೋ!"

ಊರಿನ ಹಿರಿಯ ಮನುಷ್ಯ ಹಾಗೆ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಕುರ್ಚಿ ಬಿತ್ತು. "ನೀರು! ನೀರು ತರ್ರಿ ಲಗೂ!" ಚನ್ನೇಶ ಒಳಗೋಡಿ ಖಾಲಿ ಕ್ಯಾನು ಅಲುಗಿಸಿ ಹೊರಗೋಡಿ ಬಂದ.

"ನಲ್ಲಿ ಇಲ್ಲೇ ಇದೆಯಲ್ಲ ಸ್ವಾಮಿ" ಎಂದು ಅಧಿಕಾರಿ ಅವರ ತೋಳು ಹಿಡಿದು ಮೂಲೆಗೆ ಕರೆದೊಯ್ದರು. "ತಿರುಗಿಸಿ, ತೊಳ್ಕೊಳ್ಳಿ."

ಪ್ರಭುಲಿಂಗಪ್ಪನವರ ಕೈ ಮುಂದೆ ಹೋಯಿತು. ಹಿತ್ತಾಳೆಗೆ ತಾಗುವಷ್ಟು ಹತ್ತಿರ ಹೋಗಿ ನಿಂತುಬಿಟ್ಟಿತು.

ಕಣ್ಣು ಉರಿದು ನೀರು ಸುರಿಯುತ್ತಿದೆ, ಮನುಷ್ಯ ನಳದ ಮುಂದೆಯೇ ನಿಂತಿದ್ದಾನೆ, ತಿರುವುತ್ತಿಲ್ಲ! ಅಂಗಳದಲ್ಲಿ ಕೆಮ್ಮು ಕೂಡ ನಿಂತಿತು. ಯಾರೂ ನಗಲಿಲ್ಲ. ನಳದಲ್ಲಿ ನೀರಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ, ಆದರೂ ಆ ಕೈ ಹಾಗೆ ನಿಂತದ್ದನ್ನು ಎಲ್ಲರೂ ಈಗಷ್ಟೇ ನೋಡಿದ್ದು.

ಅಧಿಕಾರಿ ಅವರ ಮುಖ ನೋಡಿದರು, ನಳ ನೋಡಿದರು. ತಾವೇ ಬಗ್ಗಿ ತಿರುವಿದರು. ನಳ ಬುಸ್ ಎಂದು ಗಾಳಿ ಬಿಟ್ಟು ಸುಮ್ಮನಾಯಿತು. ಪೂರ್ತಿ ತಿರುವಿದರು. ಆ ಗಾಳಿಯೂ ಇಲ್ಲ.

ಸುರೇಖಾ ಎದ್ದಳು. ಹೆಂಗಸರು ಕುಡಿಯಲೆಂದು ನಸುಕಿನಲ್ಲಿ ಹೊಲದ ಬೋರಿನಿಂದ ಹೊತ್ತು ತಂದಿದ್ದ ಕೊಡ ಶಾಮಿಯಾನದ ಗಳದ ಬುಡದಲ್ಲಿತ್ತು. ತಂಬಿಗೆ ಅದ್ದಿ ತಂದು, "ಕಾಕಾ, ಬಗ್ರಿ" ಎಂದಳು. ಅವರು ಬಗ್ಗಿದರು. ಅವಳು ಮೊದಲು ಕೈ ತೊಳೆಸಿದಳು, ಆಮೇಲೆ ಕಣ್ಣಿಗೆ ಹಾಕಿದಳು. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಅಧಿಕಾರಿ ಮೇಜಿನ ಬಳಿ ಹೋಗಿ ಚನ್ನೇಶನಿಗೆ ಏನು ಬರೆಯಬೇಕೆಂದು ಹೇಳತೊಡಗಿದ್ದರು. ನೀರು ಬಂದಿಲ್ಲ, ಸಭೆ ಒಪ್ಪಿಲ್ಲ, ಸಭೆಯೆದುರೇ ಪರೀಕ್ಷಿಸಲಾಗಿದೆ. ಹೆಂಗಸರು "ಹೌದ್ರಿ, ಹಂಗs ಬರೀರಿ" ಎಂದು ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ಆ ಗದ್ದಲದಲ್ಲಿ ಪ್ರಭುಲಿಂಗಪ್ಪ, ಬಗ್ಗಿದವರು ಬಗ್ಗಿದಂತೆಯೇ, ಅವಳಿಗಷ್ಟೇ ಕೇಳುವಂತೆ ಅಂದರು:

"ಆ ಕಾಯಿ ಹೈಬ್ರೀಡ್ ಅಂತ ನಿನಗ ಗೊತ್ತಿತ್ತು."

"ಗೊತ್ತಿತ್ತು ಕಾಕಾ."

"ಒಂದ ಮಾತು ಹೇಳಬೇಕಿತ್ತವಾ."

ಸುರೇಖಾ ತಂಬಿಗೆಯಲ್ಲಿ ಉಳಿದ ನೀರನ್ನೂ ಅವರ ಕಣ್ಣಿಗೆ ಹಾಕಿದಳು. "ಖರೇ. ಹೇಳಬೇಕಿತ್ತು. ನಳದಾಗ ನೀರಿಲ್ಲ ಅಂತ ನಿಮಗೂ ಗೊತ್ತಿತ್ತು, ಕಾಕಾ."

ಅವರ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೊನೆಗೆ ವಸ್ತ್ರದಿಂದ ಮುಖ ಒತ್ತಿಕೊಂಡು, ಕಣ್ಣು ಬಿಡಲಾಗದೆ, ಮೇಜು ಇದ್ದ ಕಡೆಗೆ ಮುಖ ಮಾಡಿ ಜೋರಾಗಿಯೇ ಹೇಳಿದರು: "ಚನ್ನೇಶಾ, ನೀರಿಲ್ಲ ಅನ್ನೂದನ್ನ ಅಧ್ಯಕ್ಷರೂ ಒಪ್ಪ್ಯಾರ ಅಂತ ಬರಿ. ಒಂದಿನಾನೂ ನೀರು ಬಂದಿಲ್ಲ ಅಂತ ಬರಿ. ಮುಂದಿನ ಸಭೆ ಗುರುವಾರ ಬ್ಯಾಡ, ಐತವಾರ ಇಡು."

ಕೂಗುತ್ತಿದ್ದ ಹೆಂಗಸರೆಲ್ಲ ಅವರತ್ತ ತಿರುಗಿದರು. ಚನ್ನೇಶ ಪೆನ್ನು ಹಿಡಿದುಕೊಂಡು ಅವರನ್ನೇ ನೋಡುತ್ತ ಕೂತ.

ರಾಶಿಯ ಆಚೆಯಿಂದ ಅಕ್ಬರಬಿ ಸೆರಗು ಸರಿಸಿ ಕೂಗಿದಳು: "ಏ ಸುರೇಖಾ, ಏನ ನೋಡಾಕತ್ತಿ? ಇನ್ನೊಂದ ತಂಬಿಗಿ ಹಾಕು. ಅವರಿಗೆ ಇನ್ನೂ ಉರಿಯಾಕತ್ತೈತಿ."

ಸುರೇಖಾ ಕೊಡದ ಕಡೆಗೆ ನಡೆದಳು.