ಎರಡನೆಯ ಸಹಿ

ವಿಳಾಸ ಬದಲಾವಣೆಯ ಕೌಂಟರಿನಲ್ಲಿ ನಾನು ಕೂರಲು ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು. ಮನೆ ಬದಲಾಯಿಸಿದವರು ಬಂದರೆ ಎರಡು ಕಡೆ ಸಹಿ ಹಾಕಿಸುವುದು ನಮ್ಮ ಪದ್ಧತಿ. ಮೊದಲನೆಯದು ಪಿಂಚಣಿ, ಆಸ್ಪತ್ರೆ ಕಾರ್ಡು ಇಂಥವಕ್ಕೆ. ಎರಡನೆಯದು ಮತದಾರರ ಪಟ್ಟಿಗೆ; ಆ ಫಾರ್ಮನ್ನು ಹಿಂದೆ ಪಿನ್ನು ಹೊಡೆದೇ ಇಟ್ಟಿರುತ್ತಿದ್ದೆವು. ಯಾರೂ ಓದುತ್ತಿರಲಿಲ್ಲ. ಎರಡು ಸಹಿ ಬಿದ್ದರೆ ವೋಟೂ ಹೊಸ ಮನೆಗೆ ಬಂತು ಎಂಬುದು ಊರಿಗೆಲ್ಲ ಗೊತ್ತಿತ್ತು.

ಚುನಾವಣೆಗೆ ಆರು ತಿಂಗಳಿದೆ ಎನ್ನುವಾಗ ಸುತ್ತೋಲೆ ಬಂತು. ಇನ್ನು ಸರ್ಕಾರಿ ಕಚೇರಿಗಳು ಮತದಾರರ ನೋಂದಣಿಗೆ ಕೈಹಾಕಕೂಡದು. ಫಾರ್ಮ್ ಕೊಡಬಾರದು, ತುಂಬಿಸಬಾರದು, ಕೌಂಟರಿನಲ್ಲಿ ಆ ಮಾತೇ ಎತ್ತಬಾರದು. ಬೇಕಾದವರು ತಾವೇ ಚುನಾವಣಾ ಕಚೇರಿಗೆ ಹೋಗಲಿ. ಗೋಡೆಯ ಪೋಸ್ಟರನ್ನೂ ಕಿತ್ತೆವು. ನನಗೇನೂ ಬೇಸರವಾಗಲಿಲ್ಲ, ಸುಳ್ಳೇಕೆ ಹೇಳಲಿ? ಒಂದು ಕೆಲಸ ಕಮ್ಮಿಯಾಯಿತಲ್ಲ! ಅಷ್ಟರಲ್ಲೇ ಮೇಲಿನವರು ಮೊದಲ ಅರ್ಜಿಯ ನಕಲೂ ಬೇಕು, ಅದಕ್ಕೂ ಸಹಿ ಇರಲಿ ಎಂದರು. ಹೀಗಾಗಿ ಸಹಿ ಮೊದಲಿನಂತೆ ಎರಡೇ ಉಳಿದವು.

ನಮ್ಮ ಕಚೇರಿಯ ಟೈಪಿಸ್ಟ್ ಮಾತ್ರ ಊಟದ ಬಿಡುವಿನಲ್ಲಿ ಗೇಟಿನಾಚೆ ನಿಂತು, ಈ ಸಹಿ ವೋಟಿಗಲ್ಲ ಎಂದು ಕಂಡವರಿಗೆಲ್ಲ ತಿಳಿಹೇಳುತ್ತಿದ್ದಳು.

"ನಿಂಗ್ಯಾಕಮ್ಮ ಊರ ಉಸಾಬರಿ?" ಎಂದು ನಾನೇ ಅವಳನ್ನು ರೇಗಿಸಿದ್ದೆ.

ಆಮೇಲೊಂದು ದಿನ ನನ್ನ ಅಕ್ಕ ಬಂದಳು. ಭಾವ ತೀರಿಕೊಂಡು ವರ್ಷವಾಗಿತ್ತು. ಅವರ ಮನೆ ಮಾರಿ, ನಮ್ಮ ಬೀದಿಯಲ್ಲೇ ಒಂದು ಕೋಣೆ ಹಿಡಿದಿದ್ದಳು. ಭಾವ ಕೆಟ್ಟವರೇನಲ್ಲ. ಆದರೆ ಮೂವತ್ತು ವರ್ಷ ಮತಗಟ್ಟೆಯ ಬಾಗಿಲತನಕ ಜೊತೆಗೆ ಬಂದು, ಯಾವ ಗುರುತಿಗೆ ಒತ್ತಬೇಕೆಂದು ಹೇಳಿ ಒಳಗೆ ಕಳಿಸುತ್ತಿದ್ದರು. ಹೊರಗೆ ಬಂದಮೇಲೆ ಒತ್ತಿದೆಯಾ ಎಂದು ಕೇಳುತ್ತಿದ್ದರು. ಅಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ.

"ಈ ಸಲ ನಂಗೆ ಬೇಕಾದವ್ರಿಗೆ ಹಾಕ್ತೀನಿ ಕಣೋ," ಎಂದು ಗಾಜಿಗೆ ಮೂಗು ತಾಗಿಸಿ ಪಿಸುಗುಟ್ಟಿದಳು. "ಯಾರಿಗೆ ಅಂತ ನಿಂಗೂ ಹೇಳಲ್ಲ, ಹೋಗು!"

ಎರಡೂ ಸಹಿ ಹಾಕಿದಳು. "ಎಲ್ಲಾ ಆಯ್ತಾ?"

ಸಾಹೇಬರು ನನ್ನ ಬೆನ್ನ ಹಿಂದೆಯೇ ಫೈಲು ಹುಡುಕುತ್ತಿದ್ದರು.

"ಆಯ್ತು," ಎಂದೆ.

ಸಂಜೆ ಹೋಗಿ ನಿಜ ಹೇಳಿದರಾಯಿತು ಅಂದುಕೊಂಡೆ. ಐದು ಮನೆಯಾಚೆ ಇದ್ದಳು, ಮಹಾ ದೂರವೇನಲ್ಲ. ಹೋಗಲಿಲ್ಲ. ಭಾನುವಾರ ಅವಳೇ ಬಂದು ಎರಡು ಗಂಟೆ ಹರಟಿದಳು. ನನ್ನ ತಲೆಗೇ ಬರಲಿಲ್ಲ. ನೆನಪಾಗುವಷ್ಟರಲ್ಲಿ ಹೆಸರು ಸೇರಿಸುವ ಕೊನೆಯ ದಿನ ದಾಟಿತ್ತು. ಮನೆ ಮಾರಿದ ಮೇಲೆ ಹಳೆಯ ಬೀದಿಯ ಪಟ್ಟಿಯಿಂದಲೂ ಅವಳನ್ನು ತೆಗೆದಿದ್ದರು. ಆಗಲಾದರೂ ಬಾಯಿ ಬಿಡಬೇಕಿತ್ತು. ಥೂ, ನನ್ನ ಹೇಡಿತನಕ್ಕಿಷ್ಟು!

ಮತದಾನದ ದಿನ ಬೆಳಿಗ್ಗೆ ಏಳಕ್ಕೇ ಬಂದು ಬಾಗಿಲು ಬಡಿದಳು. ದಾರಿಯುದ್ದಕ್ಕೂ ನಾನು ಹೇಳಲು ಹೊರಟು ಹೊರಟು ನುಂಗಿಕೊಂಡೆ. ಯಾರಾದರೂ ಸೇರಿಸಿರಬಹುದೆಂಬ ಹುಚ್ಚು ಆಸೆ. ಸಾಲಿನಲ್ಲಿ ಅವಳು ಮುಂದೆ, ನಾನು ಹಿಂದೆ. ಪಟ್ಟಿ ಹಿಡಿದಿದ್ದವರು ಮೂರು ಸಲ ಬೆರಳಾಡಿಸಿದರು.

"ನಿಮ್ಮ ಹೆಸರಿಲ್ಲಮ್ಮ."

"ಸರಿಯಾಗಿ ನೋಡಿ. ನನ್ನ ತಮ್ಮನೇ ಸಹಿ ಹಾಕಿಸ್ಕೊಂಡಿದ್ದು. ಇವ್ನೇ ನೋಡಿ, ಬೇಕಾದ್ರೆ ಕೇಳಿ."

ಸಾಲಿನವರೆಲ್ಲ ನನ್ನ ಕಡೆ ತಿರುಗಿದರು.

ಅವಳನ್ನು ಹೊರಗೆ ಕರೆದುಕೊಂಡು ಬಂದೆ. ಸುತ್ತೋಲೆ, ನಕಲು, ಸಾಹೇಬರು, ಭಾನುವಾರ, ಒಂದೂ ಬಿಡದೆ ಹೇಳಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ನನಗೇ ತಡೆಯಲಾಗಲಿಲ್ಲ.

"ಅಕ್ಕಾ, ಯಾರಿಗೆ ಅಂತ ಹೇಳು. ನನ್ನ ವೋಟು ಅವ್ರಿಗೇ ಹಾಕಿ ಬರ್ತೀನಿ. ನಿನ್ನಾಣೆಗೂ."

"ಬೇಡ್ವೋ. ನಿಂದು ನೀನೇ ಹಾಕು," ಎಂದಳು. "ಇನ್ನೊಬ್ರು ಹೇಳಿದ್ದಕ್ಕೆ ಒತ್ತಿ ಬರೋದು ಹೇಗಿರುತ್ತೆ ಅಂತ ನಂಗೊತ್ತು."

ಅಷ್ಟು ಹೇಳಿ ಗೇಟು ದಾಟಿ ಮನೆಯ ಕಡೆ ನಡೆದಳು. ನಾನು ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.