ನೂಡಲ್ಸಿಗೆ ನೀರು ಹಾಕಿದ ಮೇಸ್ತ್ರಿ

ಮೇಸ್ತ್ರಿ ಕಟ್ಟಿದ ಗೋಡೆ ಯಾವತ್ತೂ ಸೊಟ್ಟಗಾದದ್ದಿಲ್ಲ. ಅವನು ಹೆಚ್ಚಿದ ಕ್ಯಾರೆಟ್ಟೂ ಹಾಗೇ. ತುಂಡುಗಳೆಲ್ಲ ಒಂದೇ ಅಳತೆಯಲ್ಲಿ ಹಲಗೆಯ ಮೇಲೆ ಸಾಲಾಗಿ ಕೂತಿದ್ದವು. ಊಟದ ಮೇಜಿನ ಮುಂದೆ ಕೂತಿದ್ದ ಅವನ ಅಕ್ಕ ಅದನ್ನು ಸ್ವಲ್ಪ ಹೊತ್ತು ನೋಡಿದಳು.

"ಅಡುಗೆ ಮಾಡ್ತಿದ್ದೀಯೋ, ಕಾಂಪೌಂಡ್ ಕಟ್ತಿದ್ದೀಯೋ?"

"ಬಾಯಿ ಬಿಡಲ್ಲ ಅಂದಿದ್ದೆ ನೀನು."

"ಏನಾದರೂ ಹೇಳಿದ್ನಾ? ಕೇಳಿದೆ, ಅಷ್ಟೆ."

ಅವಳು ಬಂದಿದ್ದು ತಮ್ಮನ ಮಗಳನ್ನು ಕರೆದುಕೊಂಡು ಹೋಗಲು. ಮೇಸ್ತ್ರಿಯ ಹೆಂಡತಿ ನರ್ಸ್. ಅಂದಿನಿಂದ ಒಂದು ತಿಂಗಳು ಅವಳಿಗೆ ಸಂಜೆ ಪಾಳಿ. ಅಷ್ಟು ದಿನ ಹುಡುಗಿ ಅತ್ತೆಯ ಮನೆಯಲ್ಲಿರಲಿ, ಅಲ್ಲಿಂದಲೇ ಶಾಲೆಗೆ ಹೋಗಲಿ ಎಂದು ಹೆಂಗಸರಿಬ್ಬರೂ ಫೋನಿನಲ್ಲೇ ತೀರ್ಮಾನಿಸಿದ್ದರು. ಮೇಸ್ತ್ರಿಯನ್ನು ಯಾರೂ ಕೇಳಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ನೀರು ಕಾಯಿಸುವುದು ಬಿಟ್ಟರೆ ಅವನಿಗೂ ಒಲೆಗೂ ಸಂಬಂಧವಿರಲಿಲ್ಲ. ಆದರೆ ಮಗಳಿಲ್ಲದ ಮನೆಯ ಬೀಗ ತೆಗೆದು ಒಳಗೆ ಬರುವುದನ್ನು ನೆನೆಸಿಕೊಂಡೇ ಅವನಿಗೆ ಹೇಗೋ ಆಗಿತ್ತು. ಇವತ್ತು ತಾನೇ ಮಾಡಿ ಬಡಿಸುತ್ತೇನೆ, ಮಗಳು ತಟ್ಟೆ ಖಾಲಿ ಮಾಡಿದರೆ ಇಲ್ಲೇ ಇರುತ್ತಾಳೆ, ಇಲ್ಲದಿದ್ದರೆ ಕರೆದುಕೊಂಡು ಹೋಗು ಎಂದು ಅಕ್ಕನಿಗೆ ಹೇಳಿದ್ದ.

ಏನು ಬೇಕೆಂದು ಕೇಳಿದಾಗ ಮಗಳು, "ನೂಡಲ್ಸ್. ಹುರಿದದ್ದು," ಅಂದಿದ್ದಳು.

ಉಪ್ಪು ಹಾಕಿದ ನೀರಿನಲ್ಲಿ ನೂಡಲ್ಸ್ ಬೇಯಿಸಿ ಬಸಿಯುವವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಕಸುಬು ಅಡ್ಡ ಬಂತು. ಸಿಮೆಂಟನ್ನೂ ಮರಳನ್ನೂ ಮೊದಲು ನೀರಿಲ್ಲದೆ ಹಾಗೇ, ಬಣ್ಣ ಒಂದೇ ಆಗುವವರೆಗೆ ಬೆರೆಸಬೇಕು. ನಂತರ ನಡುವೆ ಗುಂಡಿ ಮಾಡಿ ನೀರು ಹೊಯ್ಯಬೇಕು. ಮೇಸ್ತ್ರಿ ತಣ್ಣಗಿನ ಬಾಣಲೆಯಲ್ಲಿ ನೂಡಲ್ಸ್, ಕ್ಯಾರೆಟ್, ಎಲೆಕೋಸು, ಮೆಣಸಿನ ಪುಡಿ ಎಲ್ಲವನ್ನೂ ಹಾಗೇ ಬೆರೆಸಿದ. ನಡುವೆ ಗುಂಡಿ ತೋಡಿದ. ಎಣ್ಣೆ, ಸೋಯಾ ಸಾಸ್, ಒಂದು ಲೋಟ ನೀರು ಅದರೊಳಗೆ ಹೊಯ್ದು ಸಣ್ಣ ಉರಿಯಲ್ಲಿಟ್ಟು ಮುಚ್ಚಿದ. ಆಗಾಗ ಮುಚ್ಚಳ ಎತ್ತಿ ಬೆರಳಿನಿಂದ ನೀರು ಚಿಮುಕಿಸಿದ.

"ಅದ್ಯಾಕಪ್ಪಾ ನೀರು?" ಮಗಳು ಕೇಳಿದಳು.

"ಬಿರುಕು ಬಿಡಬಾರದಲ್ಲ."

"ಅಪ್ಪಾ, ಅದು ನೂಡಲ್ಸು."

ತಟ್ಟೆಗೆ ಕವುಚಿದಾಗ ಅದು ಬಾಣಲೆಯ ಆಕಾರದಲ್ಲೇ ಕೂತಿತು. ಚುಚ್ಚಿದ ಚಮಚ ನೆಟ್ಟಗೆ ನಿಂತಿತು. ಮಗಳು ಒಂದು ಮೂಲೆ ಮುರಿದು ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು.

"ಸೆಟ್ ಆಗಿಬಿಟ್ಟಿದೆ ಅಪ್ಪಾ."

ಅಕ್ಕ ನಗುತ್ತಲೇ ಎದ್ದಳು. "ನಡಿ ಪುಟ್ಟಿ, ನಮ್ಮನೇಲಿ ಊಟ ಮಾಡುವಿಯಂತೆ. ಇದಕ್ಕೆ ನಿಮ್ಮಪ್ಪ ಸುಣ್ಣ ಹೊಡೀಲಿ."

"ಇನ್ನೊಂದು ಪೊಟ್ಟಣ ಇದೆ," ಅಂದ ಮೇಸ್ತ್ರಿ. ಅವನು ನಗುತ್ತಿರಲಿಲ್ಲ. ಅಕ್ಕ ಅವನ ಮುಖ ನೋಡಿ ಮತ್ತೆ ಕೂತಳು.

ಎರಡನೇ ಸಲದ ನೂಡಲ್ಸ್ ಬೇಯುವಾಗ ಮಗಳು ಒಲೆಯ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡಳು. "ಅಂಗಡಿಯವರು ಮಾಡೋದು ನೋಡಿಲ್ವಾ? ಮೊದಲು ಬಾಣಲೆ ಹೊಗೆಯಾಡಬೇಕು. ಉರಿ ಜೋರು. ಮುಚ್ಚಳ ಇಲ್ಲ. ನೀರಂತೂ ಇಲ್ವೇ ಇಲ್ಲ."

"ಇಷ್ಟೆಲ್ಲ ಗೊತ್ತಿದ್ದೋಳು ಮೊದಲೇ ಹೇಳಬಾರದಿತ್ತಾ?"

"ಕೆಲಸದ ಮಧ್ಯೆ ಮಾತಾಡಿದರೆ ಬೈತೀಯಲ್ಲ."

ಕಾದ ಎಣ್ಣೆಗೆ ಬೆಳ್ಳುಳ್ಳಿ, ಅದರ ಹಿಂದೆ ತರಕಾರಿ, ಕೊನೆಗೆ ನೂಡಲ್ಸ್ ಬಿತ್ತು. ಮೇಸ್ತ್ರಿ ಸೌಟಿನಲ್ಲಿ ಮೆಲ್ಲಗೆ ತಿರುವತೊಡಗಿದ. ಎಳೆಗಳು ಒಂದನ್ನೊಂದು ತಬ್ಬಿಕೊಳ್ಳತೊಡಗಿದವು.

"ಹಾಗಲ್ಲಪ್ಪಾ. ಗೋಡೆಗೆ ಗಾರೆ ಎಸೀತೀಯಲ್ಲ, ಹಾಗೆ."

ಅದು ಅವನಿಗೆ ಗೊತ್ತಿದ್ದ ವಿದ್ಯೆ. ಕೆಳಗಿನಿಂದ ಎತ್ತಿ, ಮಣಿಕಟ್ಟನ್ನು ಒಮ್ಮೆ ಝಾಡಿಸಿದ. ನೂಡಲ್ಸ್ ಮೇಲೆದ್ದು, ಬಿಡಿಬಿಡಿಯಾಗಿ ಬಾಣಲೆಗೆ ಮರಳಿತು. ಪೂರ್ತಿ ಅಲ್ಲ, ಕೆಲವು ಎಳೆಗಳು ಒಲೆಯ ಹಿಂದಿನ ಟೈಲಿಗೆ ಅಂಟಿದವು. ಮೇಸ್ತ್ರಿ ಸೌಟು ನಿಲ್ಲಿಸಿ ಅವನ್ನು ಪರೀಕ್ಷಿಸಿದ.

"ಹಿಡಿತ ಚೆನ್ನಾಗಿದೆ."

"ಆಮೇಲೆ ಮೆಚ್ಕೊಳೋ ಮಾರಾಯ, ತಳ ಸೀಯುತ್ತೆ," ಅಂದಳು ಅಕ್ಕ.

ಅವನು ಸೋಯಾ ಸಾಸ್ ಸುರಿದ, ಧಾರಾಳವಾಗಿ ಉಪ್ಪು ಉದುರಿಸಿದ. ಹೊಗೆಯೂ ಘಮವೂ ಒಟ್ಟಿಗೆ ಎದ್ದವು.

ಮಗಳು ಮೊದಲ ತುತ್ತಿಗೇ ಒಂದು ಕ್ಷಣ ತಡೆದಳು. ನೀರು ಕುಡಿದಳು. ಇನ್ನೊಂದು ತುತ್ತು, ಮತ್ತೆ ನೀರು. ಬೇಯಿಸುವಾಗ ಒಮ್ಮೆ, ಹುರಿಯುವಾಗ ಒಮ್ಮೆ ಬಿದ್ದ ಉಪ್ಪಿನ ಜೊತೆಗೆ ಸಾಸಿನಲ್ಲಿದ್ದದ್ದೂ ಸೇರಿತ್ತು. ಆದರೂ ಅವಳು ಎಲ್ಲವನ್ನೂ ತಿಂದು, ಖಾಲಿ ತಟ್ಟೆಯನ್ನು ಅತ್ತೆಗೆ ತೋರಿಸಿದಳು.

"ಅಷ್ಟೊಂದು ನೀರು ಯಾಕೆ ಕುಡಿದೆ?"

"ಬಾಯಾರಿಕೆ."

ಅತ್ತೆ ಬಾಣಲೆಯಿಂದ ಒಂದೆರಡು ಎಳೆ ಎತ್ತಿ ಬಾಯಿಗೆ ಹಾಕಿಕೊಂಡಳು. ಅವಳ ಹುಬ್ಬು ಮೇಲೇರಿತು. ಮೇಸ್ತ್ರಿ ಸೌಟು ಹಿಡಿದೇ ನಿಂತಿದ್ದ. ಈಗ ಅವಳು ಉಪ್ಪಿನ ಮಾತೆತ್ತಿದರೆ ಸಾಕಿತ್ತು, ಮಗಳು ಹೊರಟಂತೆಯೇ.

ಅವಳು ಹುಡುಗಿಯನ್ನು ನೋಡಿದಳು, ತಮ್ಮನನ್ನು ನೋಡಿದಳು. ಒಂದು ತಟ್ಟೆ ಎಳೆದುಕೊಂಡಳು.

"ನನಗೂ ಹಾಕು. ಒಬ್ಬಳಿಗೋಸ್ಕರ ಇನ್ನು ಮನೆಗೆ ಹೋಗಿ ಯಾರು ಒಲೆ ಹಚ್ತಾರೆ." ತಟ್ಟೆಯನ್ನು ಅವನ ಕಡೆ ಚಾಚುತ್ತಾ, "ಇವಳಿಗೆ ಅಂತ ಹೊಸ ಹೊದಿಕೆ ಬೇರೆ ತಂದಿದ್ದೆ," ಅಂದಳು.

ಮೇಸ್ತ್ರಿ ಅವಳ ತಟ್ಟೆಗೆ ಬಡಿಸಿ, ಎದುರಿಗೆ ಕೂತ. "ನಾಳೆನೂ ಬಾ ಅಕ್ಕ."

"ನಾಳೆ ಏನು ಮಾಡ್ತೀಯ?"

"ಇದೇ. ಬೇರೆ ಏನು ಬರುತ್ತೆ ನಂಗೆ?"

"ಬರ್ತೀನಿ. ಆದರೆ ಉಪ್ಪು ಹಾಕೋದು ನಾನು."

ಹುಡುಗಿ ನೀರಿನ ಜಗ್ಗನ್ನು ಅತ್ತೆಯ ಕಡೆ ಸರಿಸಿದಳು.